ಸಾರ್ವಜನಿಕ ಆರೋಗ್ಯ: ಕಾರ್ಯತಂತ್ರ ಯೋಜನೆ ಮತ್ತು ಸನ್ನಿವೇಶ ಯೋಜನೆ

ಕಾರ್ಯತಂತ್ರ ಯೋಜನೆಯು ಆರೋಗ್ಯ ಇಲಾಖೆಯ ಹಲವು ವರ್ಷಗಳ ಗುರಿ, ಹಣ, ಸಿಬ್ಬಂದಿಯನ್ನು ನಿರ್ಧರಿಸುತ್ತದೆ. ಕರ್ನಾಟಕದಲ್ಲಿ ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ (1999) ಇದಕ್ಕೆ ಉದಾಹರಣೆ. ಅದರ ಅಂತಿಮ ವರದಿ 2001ರಲ್ಲಿ, ರಾಜ್ಯದ ಸಮಗ್ರ ಆರೋಗ್ಯ ನೀತಿ 2004ರಲ್ಲಿ ಬಂದವು.

ಸನ್ನಿವೇಶ ಯೋಜನೆ ‘ಹೀಗಾದರೆ ಏನು ಮಾಡಬೇಕು’ ಎಂಬುದನ್ನು ಮೊದಲೇ ಗೊತ್ತುಪಡಿಸುತ್ತದೆ. ಬೆಳಗಾವಿ ಜಿಲ್ಲೆಯ ಚಚಡಿ ಗ್ರಾಮದ ಸುತ್ತಲಿನ ಸವದತ್ತಿ, ರಾಮದುರ್ಗ ಸೀಮೆಗೆ ಇಂಥ ಎರಡು ಸನ್ನಿವೇಶಗಳು ಎದ್ದು ಕಾಣುತ್ತವೆ: ಮಲಪ್ರಭೆಯ ನೆರೆ, ಯಲ್ಲಮ್ಮನ ಗುಡ್ಡದ ಜಾತ್ರೆ. 2019ರ ಆಗಸ್ಟ್‌ನಲ್ಲಿ ನೆರೆನೀರು ರಾಮದುರ್ಗಕ್ಕೂ ನುಗ್ಗಿತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಗುಡ್ಡದಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಎರಡರಲ್ಲೂ ಮುಖ್ಯ ಭಯ ಕುಡಿಯುವ ನೀರು ಕೆಟ್ಟು ವಾಂತಿಭೇದಿ ಹರಡುವುದು. ಬ್ಲೀಚಿಂಗ್ ಪೌಡರ್ ಹಾಕಿದ ಒಂದು ಗಂಟೆಯ ನಂತರ ಲೀಟರಿಗೆ 0.5 ಮಿ.ಗ್ರಾಂ. ಉಳಿಕೆ ಕ್ಲೋರಿನ್ ಇದೆಯೇ ಎಂದು ಕ್ಲೋರೋಸ್ಕೋಪಿನಿಂದ ನೋಡುತ್ತಾರೆ. ಓಆರ್‌ಎಸ್ ಪೊಟ್ಟಣಗಳ ದಾಸ್ತಾನು ಮಳೆಗಾಲಕ್ಕೆ ಮೊದಲೇ ಆಗಿರಬೇಕು. ದಾರಿ ಕಡಿದ ಮೇಲೆ ತರಿಸುವುದು ಕಷ್ಟ.

ರೋಗ ಶುರುವಾದ ಸುಳಿವು ಕೊಡುವುದು ಸಮಗ್ರ ರೋಗ ಕಣ್ಗಾವಲು ಕಾರ್ಯಕ್ರಮ (ಐಡಿಎಸ್‌ಪಿ, 2004). ಅದರಲ್ಲಿ ಎಸ್ ನಮೂನೆ ಆರೋಗ್ಯ ಕಾರ್ಯಕರ್ತರದು, ಪಿ ವೈದ್ಯರದು, ಎಲ್ ಪ್ರಯೋಗಾಲಯದ್ದು. ವಾರದ ವರದಿಯ ಬದಲು ದಿನದಿನದ ಮಾಹಿತಿ ದಾಖಲಿಸುವ ಸಮಗ್ರ ಆರೋಗ್ಯ ಮಾಹಿತಿ ವೇದಿಕೆಗೆ (ಐಎಚ್‌ಐಪಿ) 2021ರಲ್ಲಿ ಚಾಲನೆ ಸಿಕ್ಕಿತು.