ಶರತ್ಕಾಲದಲ್ಲಿ ಕಿವಿಯ ರಕ್ಷಣೆ

ಈ ಸಂಚಿಕೆಗೆ ಏನು ಬರೆಯಲೆಂದು ಯೋಚಿಸುತ್ತಿರುವಾಗ, ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದ ಒಬ್ಬ ಹುಡುಗಿಯ ನೆನಪು ಬಂದಿತು. ಉಕ್ತಲೇಖನ ಬರೆಯಿಸಿದರೆ ಅರ್ಧ ಪದಗಳನ್ನು ಬಿಡುವಳು. ಒಂದನ್ನು ಕೇಳಿದರೆ ಮತ್ತೊಂದನ್ನು ಹೇಳುವಳು. ಹೆಸರು ಹಿಡಿದು ಕರೆದರೂ ಪಕ್ಕದವಳು ಮೊಳಕೈಯಿಂದ ತಿವಿದ ಮೇಲೆಯೇ ಏಳುವಳು. ಅಲಕ್ಷ್ಯದ ಹುಡುಗಿಯೆಂದು ನಾನೇ ಅವಳನ್ನು ಗದರಿಸಿದ್ದುಂಟು. ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ದಸರಾ ರಜೆ ಕಳೆದ ಮೊದಲನೆಯ ವಾರದಲ್ಲಿ ಅವಳು ಕಿವಿಗೆ ಹತ್ತಿಯಿಟ್ಟುಕೊಂಡು ಬಂದಳು. ಹತ್ತಿ ಒದ್ದೆಯಾಗಿತ್ತು, ದುರ್ವಾಸನೆಯೂ ಇತ್ತು. ವಿಚಾರಿಸಲಾಗಿ, “ಚಿಕ್ಕಂದಿನಿಂದಲೂ ಸೋರುತ್ತದೆ ಮಿಸ್, ಮಳೆಗಾಲ ಮುಗಿಯುವಾಗ ಹೆಚ್ಚು, ಆಮೇಲೆ ತಾನಾಗಿ ನಿಲ್ಲುತ್ತದೆ” ಎಂದಳು. ಅಷ್ಟು ವರ್ಷ ಆರೋಗ್ಯಶಾಸ್ತ್ರದ ಪಾಠ ಹೇಳಿದ ನನಗೆ ಅದುವರೆಗೂ ಅವಳ ಕಿವಿಯ ಕಡೆಗೆ ನೋಡಬೇಕೆಂದು ತೋಚಿರಲಿಲ್ಲ.

ನಮ್ಮ ಕಣ್ಣಿಗೆ ಕಾಣುವ ಕಿವಿಯು ಬಾಗಿಲು ಮಾತ್ರ. ಅಲ್ಲಿಂದ ಒಳಕ್ಕೆ ಸುಮಾರು ಒಂದಂಗುಲ ಉದ್ದದ ಸಣ್ಣ ದಾರಿಯುಂಟು. ಅದರ ಕೊನೆಯಲ್ಲಿ ತೆಳುವಾದ ತಮಟೆ. ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ. ಅದರಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬುಗಳು ಒಂದಕ್ಕೊಂದು ತಗಲಿಕೊಂಡಿವೆ. ರಿಕಾಪಿನ ಉದ್ದವು ಕೇವಲ 3 ಮಿಲಿಮೀಟರು. ನಮ್ಮ ಶರೀರದಲ್ಲಿ ಅದಕ್ಕಿಂತ ಚಿಕ್ಕ ಎಲುಬಿಲ್ಲ. ಇನ್ನೂ ಒಳಗೆ, ಬಸವನ ಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಭಾಗದಲ್ಲಿ, ಶಬ್ದವನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿವೆ. ಇವು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮರಳಿ ಹುಟ್ಟುವುದಿಲ್ಲ.

ತಮಟೆಯ ಹಿಂದಿನ ಕೋಣೆಯಿಂದ ಗಂಟಲಿನ ಹಿಂಭಾಗಕ್ಕೆ ಒಂದು ನಾಳ ಹೋಗುತ್ತದೆಂಬುದನ್ನು ತಾಯಂದಿರು ಮರೆಯಬಾರದು. ಚಿಕ್ಕ ಮಕ್ಕಳಲ್ಲಿ ಈ ನಾಳವು ಗಿಡ್ಡವಾಗಿಯೂ ಹೆಚ್ಚು ಮಟ್ಟಸವಾಗಿಯೂ ಇರುವುದರಿಂದ, ಮೂಗಿನ ನೆಗಡಿಯು ಕಿವಿಗೆ ಹೋಗುವುದು ಬಹಳ ಸುಲಭ. ಶರತ್ಕಾಲವೋ ನೆಗಡಿಯ ಕಾಲ. ಮುಂಜಾನೆ ಮಂಜು, ನಡುಹಗಲಲ್ಲಿ ಸುಡುವ ಬಿಸಿಲು, ಸಂಜೆ ಮತ್ತೆ ಒಂದು ಮಳೆ. ನೆಗಡಿಯಾದ ಮಗುವಿಗೆ ರಾತ್ರಿಯಲ್ಲಿ ಕಿವಿನೋವು ಬರುತ್ತದೆ. ಕೋಣೆಯೊಳಗೆ ಕೀವು ತುಂಬಿ ತಮಟೆಯನ್ನು ಒತ್ತುತ್ತದೆ. ಕಡೆಗೆ ತಮಟೆ ಒಡೆದು ಕೀವು ಹೊರಗೆ ಸೋರಿದಾಗ ನೋವು ತಟ್ಟನೆ ನಿಲ್ಲುತ್ತದೆ. ಮಗು ನಿದ್ರೆ ಹೋಗುತ್ತದೆ, ತಾಯಿಯೂ ಗುಣವಾಯಿತೆಂದು ನೆಮ್ಮದಿ ತಾಳುತ್ತಾಳೆ. ಅನೇಕ ಸಲ ಆ ರಂಧ್ರವು ಕೆಲವು ವಾರಗಳಲ್ಲಿ ತಾನಾಗಿ ಮುಚ್ಚಿಕೊಳ್ಳುವುದು ನಿಜವೇ. ಮುಚ್ಚಿಕೊಳ್ಳದೆ ಉಳಿದರೆ ಪ್ರತಿ ನೆಗಡಿಗೂ, ಸ್ನಾನದಲ್ಲಿ ನೀರು ಹೋದಾಗಲೆಲ್ಲ, ಕಿವಿ ಸೋರತೊಡಗುತ್ತದೆ. ಸೋರುವುದು ನಿಂತಿತೆಂದರೆ ರೋಗವು ಹೋಯಿತೆಂದು ಅರ್ಥವಲ್ಲ. ನಮ್ಮ ಹುಡುಗಿಗೆ ಆಗಿದ್ದುದು ಇದೇ.

ಮೂಗು ಸೀಟುವಾಗ ಎರಡು ಹೊಳ್ಳೆಗಳನ್ನೂ ಒತ್ತಿ ಹಿಡಿದು ಬಲವಾಗಿ ಸೀಟಕೂಡದು. ಒಂದೊಂದೇ ಹೊಳ್ಳೆಯಿಂದ ಮೆಲ್ಲನೆ ಸೀಟಬೇಕು. ಇದನ್ನು ಮಕ್ಕಳಿಗೆ ಕಲಿಸಿದರೇ ಬರುತ್ತದೆ, ತಾನಾಗಿ ಬರುವುದಿಲ್ಲ.

ಇನ್ನು ಎಣ್ಣೆಯ ಮಾತು. ಇದನ್ನು ಬರೆದರೆ ಅಜ್ಜಿಯರು ಕೋಪಿಸಿಕೊಳ್ಳುವರೆಂದು ಬಲ್ಲೆ. ನರಕ ಚತುರ್ದಶಿಯ ದಿನ ಎಣ್ಣೆ ಒತ್ತಿ ಬಿಸಿನೀರು ಹಾಕುವುದು ಚೆಂದದ ಪದ್ಧತಿ. ತಲೆಗೆ ಎಷ್ಟಾದರೂ ಎಣ್ಣೆ ಇಡಿ, ಆದರೆ ಕಿವಿಯೊಳಗೆ ಹನಿಸಬೇಡಿ. ತಮಟೆಯಲ್ಲಿ ರಂಧ್ರವಿದ್ದರೆ ಆ ಎಣ್ಣೆಯು ನೆಟ್ಟಗೆ ಒಳಕೋಣೆಗೆ ಇಳಿಯುತ್ತದೆ. ರಂಧ್ರವಿದೆಯೋ ಇಲ್ಲವೋ ಹೊರಗಿನಿಂದ ನಮಗೆ ಕಾಣದು. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯಿಂದ ಕಿವಿಯ ಚರ್ಮ ಸುಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ. ಮಳೆಗಾಲದ ತೇವದಲ್ಲಿ ಪಾದರಕ್ಷೆಗೆ ಬೂಷ್ಟು ಹಿಡಿಯುವಂತೆ ಕಿವಿಯ ದಾರಿಗೂ ಹಿಡಿಯುವುದುಂಟು. ಆಗ ವಿಪರೀತ ತುರಿಕೆ, ಕಿವಿ ಕಟ್ಟಿದ ಹಾಗೆ. ತುರಿಕೆ ತಾಳಲಾರದೆ ನಮ್ಮ ಹುಡುಗಿಯರು ಮೊದಲು ಕೈಹಾಕುವುದು ಹೇರ್‌ಪಿನ್ನಿಗೆ. ಅದಿಲ್ಲದಿದ್ದರೆ ಬೆಂಕಿಕಡ್ಡಿ, ಪೆನ್ಸಿಲು. ಹತ್ತಿಕಡ್ಡಿಯೂ ಇವಕ್ಕಿಂತ ಬಹಳ ಮೇಲೇನೂ ಅಲ್ಲ, ಗುಗ್ಗೆಯನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ಗುಗ್ಗೆಯು ಕೊಳೆಯಲ್ಲ, ಕಿವಿಯ ಕಾವಲು. ಸಾಮಾನ್ಯವಾಗಿ ತಾನಾಗಿಯೇ ಹೊರಗೆ ಬರುತ್ತದೆ. ಕೆರೆಯಲ್ಲೋ ಬಾವಿಯಲ್ಲೋ ಈಜಿ ಬಂದ ಮೇಲೆ ತಲೆಯನ್ನು ಒಂದು ಕಡೆಗೆ ವಾಲಿಸಿ, ಹೊರಕಿವಿಯನ್ನು ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು. ಸೋರುವ ಕಿವಿಯುಳ್ಳವರು ಈಜತಕ್ಕದ್ದೇ ಅಲ್ಲ.

ದೀಪಾವಳಿಯ ಪಟಾಕಿಯ ವಿಷಯವು ಬೇರೆ. ಇದು ತಮಟೆಯನ್ನು ದಾಟಿ ಆ ರೋಮಕೋಶಗಳಿಗೇ ಪೆಟ್ಟು ಕೊಡುತ್ತದೆ. ನಾಲ್ಕು ಮೀಟರು ದೂರದಲ್ಲಿ 125 ಡೆಸಿಬೆಲ್ಲಿಗೆ ಮೀರಿದ ಶಬ್ದ ಮಾಡುವ ಪಟಾಕಿಯನ್ನು 1999ರ ನಿಯಮವು ನಿಷೇಧಿಸಿದೆ. ನಾಲ್ಕು ಮೀಟರು ಎಂಬುದನ್ನು ಗಮನಿಸಿರಿ. ಬಯಲಿನಲ್ಲಿ ದೂರವು ಅರ್ಧವಾದಾಗಲೆಲ್ಲ ಶಬ್ದವು ಸುಮಾರು 6 ಡೆಸಿಬೆಲ್ ಏರುತ್ತದೆ. ಹಚ್ಚಿ ಒಂದು ಮೀಟರಿನಲ್ಲೇ ನಿಂತ ಮಗುವಿನ ಕಿವಿಗೆ ನಿಯಮದೊಳಗಿನ ಪಟಾಕಿಯೂ ನಿಯಮ ಮೀರಿದ್ದಾಗುತ್ತದೆ. ಮಕ್ಕಳಿಗೆ ಸುರುಸುರುಬತ್ತಿ, ಹೂಕುಂಡಗಳೇ ಸಾಲದೆ? ಹಬ್ಬದ ಮರುದಿನ ಕಿವಿಯಲ್ಲಿ ಗುಯ್ ಎನ್ನುವ ಶಬ್ದವಾಗಲಿ ಮಂದತೆಯಾಗಲಿ ಉಳಿದರೆ ವೈದ್ಯರ ಬಳಿಗೆ ಹೋಗುವುದನ್ನು ಮುಂದಕ್ಕೆ ಹಾಕಕೂಡದು.

ಮಗುವಿಗೆ ಕೇಳಿಸುತ್ತದೆಯೋ ಇಲ್ಲವೋ ಎಂಬುದನ್ನು ಮನೆಯಲ್ಲೇ ಸ್ವಲ್ಪಮಟ್ಟಿಗೆ ಪರೀಕ್ಷಿಸಬಹುದು. ಸದ್ದಿಲ್ಲದ ಕೋಣೆಯಲ್ಲಿ ಮಗುವಿನ ಹಿಂದೆ ಒಂದು ತೋಳಿನಷ್ಟು ದೂರದಲ್ಲಿ ನಿಲ್ಲಿರಿ. ತುಟಿಯನ್ನು ನೋಡಿ ಊಹಿಸುವ ಮಕ್ಕಳಿರುವುದರಿಂದ ಹಿಂದೆಯೇ ನಿಲ್ಲಬೇಕು. ಮಗು ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಳ್ಳಲಿ. ನೀವು ಉಸಿರು ಬಿಟ್ಟು, ಪಿಸುಮಾತಿನಲ್ಲಿ, ‘ನಾಲ್ಕು, ಕ, ಏಳು’ ಎಂಬಂತೆ ಮೂರು ಅಂಕಿ ಅಕ್ಷರಗಳನ್ನು ಹೇಳಿ, ತಿರುಗಿ ಹೇಳಿಸಿರಿ. ಬಳಿಕ ಬೇರೆ ಅಂಕಿಗಳಿಂದ ಮತ್ತೊಂದು ಕಿವಿ. ಮತ್ತೆ ಮತ್ತೆ ತಪ್ಪಿದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸತಕ್ಕದ್ದು. ಶ್ರವಣಶಕ್ತಿಯನ್ನು ಯಂತ್ರದಿಂದ ಅಳೆಯಲು ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೂ ಇದೆ. ಕಿವಿಯ ಹಿಂದೆ ಬಾವು, ಸೋರುವಿಕೆಯೊಡನೆ ಜ್ವರ ಮತ್ತು ತೀವ್ರ ತಲೆನೋವು, ತಲೆಸುತ್ತು, ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಇವುಗಳಲ್ಲಿ ಯಾವುದು ಕಂಡರೂ ಒಂದು ದಿನವೂ ಕಾಯಲಾಗದು. ಕೀವು ಎಲುಬನ್ನು ಕೊರೆದು ಮೆದುಳಿನವರೆಗೂ ಹೋದೀತು.

ನಮ್ಮ ಹುಡುಗಿಯ ತಂದೆ ಮೊದಲು ಒಪ್ಪಲಿಲ್ಲ. ಕಿವಿಯ ರೋಗವೆಂದು ಊರಿಗೆ ತಿಳಿದರೆ ಮುಂದೆ ಮದುವೆಗೆ ಕಷ್ಟವೆಂದರು. ಅವರೊಡನೆ ಮೂರು ಸಲ ಮಾತಾಡಬೇಕಾಯಿತು. ಕೊನೆಗೆ ಶಸ್ತ್ರಚಿಕಿತ್ಸೆಯಿಂದ ತಮಟೆಗೆ ತೇಪೆ ಹಾಕಿಸಿದರು. ಒಂದು ಕಿವಿ ಚೆನ್ನಾಗಿಯೇ ಕೇಳುತ್ತದೆ. ಇನ್ನೊಂದಕ್ಕೆ ತಡವಾಗಿತ್ತು, ಪೂರ್ತಿ ಬರಲಿಲ್ಲ. ಹತ್ತನೆಯ ತರಗತಿ ಮುಗಿಸುವವರೆಗೂ ಅವಳು ಮೊದಲನೆಯ ಬೆಂಚಿನಲ್ಲಿ, ಕೇಳುವ ಕಿವಿ ನಮ್ಮ ಕಡೆಗೆ ಬರುವಂತೆ, ಗೋಡೆಯ ಪಕ್ಕದಲ್ಲಿ ಕುಳಿತಳು. ಗದರಿಸಿದ್ದಕ್ಕೆ ನಾನು ಅವಳಲ್ಲಿ ಕ್ಷಮೆ ಕೇಳಿದೆ. ಅವಳು ನಕ್ಕು, “ಆಗ ನನಗೆ ಅದೂ ಸರಿಯಾಗಿ ಕೇಳಿಸಿರಲಿಲ್ಲ ಮಿಸ್” ಎಂದಳು.

ಅಂದಿನಿಂದ ದಸರಾ ರಜೆ ಮುಗಿದ ವಾರದಲ್ಲಿ ಪ್ರತಿ ತರಗತಿಯಲ್ಲಿಯೂ ಈ ಪಿಸುಮಾತಿನ ಪರೀಕ್ಷೆ ಮಾಡುತ್ತೇವೆ. ಮಗಳ ಕಿವಿ ಹಿಂದೆ ಎಂದಾದರೂ ಸೋರಿದ್ದರೆ ತಂದೆತಾಯಂದಿರು ತರಗತಿಯ ಉಪಾಧ್ಯಾಯಿನಿಗೆ ಒಂದು ಚೀಟಿ ಬರೆದು ಕಳುಹಿಸಬೇಕಾಗಿ ಕೇಳಿಕೊಳ್ಳುತ್ತೇನೆ. ಅದನ್ನು ನಾವು ಬೇರೆ ಯಾರಿಗೂ ತೋರಿಸುವುದಿಲ್ಲ.