ಜಿಲ್ಲೆಗಳ ಪಟ್ಟಿ

ಖಾಲಿ ಡೇಟಾಬೇಸಿಗೆ ಮೊದಲ ಮಾಹಿತಿ ತುಂಬುವ ಕೆಲಸವನ್ನು ಯಾರೂ ಕೇಳಿ ಪಡೆಯುವುದಿಲ್ಲ. ಸಾಮಾನ್ಯವಾಗಿ ಹೊಸಬರ ಪಾಲಿಗೆ ಬೀಳುತ್ತದೆ. ಹೈದರಾಬಾದಿನ ಮಾದಾಪುರದ ಕಚೇರಿಯಲ್ಲಿ ನನಗೆ ಸಿಕ್ಕಿದ್ದು ಫಾರ್ಮಿನ ಡ್ರಾಪ್‌ಡೌನಿಗೆ ಬೇಕಾದ ತೆಲಂಗಾಣದ ಜಿಲ್ಲೆಗಳ ಪಟ್ಟಿ. ಇವತ್ತಿಗೂ ಆ ಕೆಲಸವನ್ನು ನಾನೇ ಇಟ್ಟುಕೊಂಡಿದ್ದೇನೆ.

2014ರ ಜೂನ್ 2ರಂದು ರಾಜ್ಯ ಹುಟ್ಟಿದಾಗ ಇದ್ದದ್ದು 10 ಜಿಲ್ಲೆ. 2016ರ ದಸರೆಗೆ 31 ಆದವು. 2019ರ ಫೆಬ್ರವರಿಯಲ್ಲಿ ಮುಲುಗು, ನಾರಾಯಣಪೇಟೆ ಸೇರಿ 33. ನಾರಾಯಣಪೇಟೆ ನಮ್ಮ ರಾಯಚೂರಿನ ನೆರೆ, ಗಡಿಯ ಊರುಗಳಲ್ಲಿ ಕನ್ನಡ ಕೇಳಿಸುತ್ತದೆ. ಪಟ್ಟಿ ಹಳೆಯದಾದರೆ ಅಲ್ಲಿಯವರು ಇಂದಿಗೂ ಹಿಂದಿನ ಜಿಲ್ಲೆ ಮಹಬೂಬನಗರವನ್ನೇ ಒತ್ತಬೇಕು.

ನನಗೆ ಹೆಚ್ಚು ಕಲಿಸಿದ್ದು ವಾರಂಗಲ್. 2016ಕ್ಕೆ ಮೊದಲು ಅದು ಇಡೀ ದೊಡ್ಡ ಜಿಲ್ಲೆಯ ಹೆಸರು. ಆಮೇಲೆ ಆ ಹೆಸರು ಉಳಿದದ್ದು ವಾರಂಗಲ್ ನಗರ, ವಾರಂಗಲ್ ಗ್ರಾಮೀಣ ಎಂಬ ಎರಡು ಜಿಲ್ಲೆಗಳಲ್ಲಿ. 2021ರಲ್ಲಿ ನಗರ ಜಿಲ್ಲೆ ಹನುಮಕೊಂಡವಾಯಿತು, ಗ್ರಾಮೀಣ ಜಿಲ್ಲೆ ಬರೀ ವಾರಂಗಲ್ ಆಯಿತು. ಹಳೆಯ ಅರ್ಜಿಯಲ್ಲಿರುವ ವಾರಂಗಲ್ ಇವುಗಳಲ್ಲಿ ಯಾವುದು? ಹೆಸರೊಂದನ್ನೇ ಉಳಿಸಿಟ್ಟ ಡೇಟಾಬೇಸ್ ಇದಕ್ಕೆ ಉತ್ತರ ಕೊಡಲಾರದು. ಸಾಲಿನ ಕ್ರಮಸಂಖ್ಯೆಯನ್ನು ನಂಬುವುದು ಇನ್ನೂ ಅಪಾಯ: ಯಾರೋ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ ಮತ್ತೆ 1ರಿಂದ ಎಣಿಸಿ ತುಂಬಿದರೆ ಎಷ್ಟೋ ಹಳೆಯ ಅರ್ಜಿಗಳು ಸದ್ದಿಲ್ಲದೆ ಬೇರೆ ಜಿಲ್ಲೆಗೆ ಸೇರಿಬಿಡುತ್ತವೆ, ಎರರ್ ಒಂದೂ ಬರುವುದಿಲ್ಲ.

ಆದ್ದರಿಂದ ಪ್ರತಿ ಜಿಲ್ಲೆಗೂ ಎಂದೂ ಮರುಬಳಕೆಯಾಗದ ಒಂದು ಕೋಡ್, ಜೊತೆಗೆ ಯಾವ ದಿನದಿಂದ ಯಾವ ದಿನದವರೆಗೆ ಚಾಲ್ತಿ ಎಂಬ ಎರಡು ಕಾಲಂ ಇಡುತ್ತೇನೆ. ರದ್ದಾದ ಜಿಲ್ಲೆಯನ್ನು ಅಳಿಸುವುದಿಲ್ಲ. ಡ್ರಾಪ್‌ಡೌನಿನಿಂದ ಮಾತ್ರ ತೆಗೆಯುತ್ತೇನೆ. ಜ್ಯಾಂಗೋದಲ್ಲಿ ಲೋಡ್‌ಡೇಟಾ ಕಮಾಂಡಿನಿಂದ ಜೆಸಾನ್ ಫೈಲ್ ತುಂಬುವುದು ಸುಲಭ ನಿಜ, ಆದರೆ ಮತ್ತೆ ಓಡಿಸಿದರೆ ಅಡ್ಮಿನ್ ಪುಟದಲ್ಲಿ ಮಾಡಿದ ತಿದ್ದುಪಡಿಗಳ ಮೇಲೆ ಹಳೆಯದೇ ಬಂದು ಕೂರುತ್ತದೆ. ಹಾಗಾಗಿ ಇಂಥ ಪಟ್ಟಿ ಟೇಬಲ್ ಬದಲಿಸುವ, ಪ್ರತಿ ಡೇಟಾಬೇಸಿನಲ್ಲಿ ಒಮ್ಮೆ ಮಾತ್ರ ಓಡುವ ಮೈಗ್ರೇಶನ್‌ನಲ್ಲೇ ಇರಲಿ ಎನ್ನುತ್ತೇನೆ: ಕೋಡ್ ನೋಡಿ, ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು. ಟೇಬಲ್ ಬದಲಾದ ದಿನವೇ ಮಾಹಿತಿಯೂ ಬದಲಾಗುತ್ತದೆ. ಯಾವಾಗ, ಯಾರು ಬದಲಿಸಿದರು ಎಂಬುದು ಗಿಟ್‌ನಲ್ಲಿ ಸಿಗುತ್ತದೆ. ಪರೀಕ್ಷೆಗೆಂದು ಸೃಷ್ಟಿಸಿದ ಬಳಕೆದಾರರು, ಅವರ ಪಾಸ್‌ವರ್ಡ್‌ಗಳು ಮಾತ್ರ ಈ ಮೈಗ್ರೇಶನ್ನಿನೊಳಗೆ ಬರಕೂಡದು.

ವಾಹನ ಸಂಖ್ಯೆಗಳಿಗೂ ಇದೇ ಪಾಠ: 2024ರ ಮಾರ್ಚಿನಿಂದ ಇಲ್ಲಿ ಹೊಸ ವಾಹನಗಳ ನೋಂದಣಿ ಸಂಖ್ಯೆಗೆ ಟಿಎಸ್ ಬದಲು ಟಿಜಿ ಬಂದಿದೆ. ರಸ್ತೆಯಲ್ಲಿ ಟಿಎಸ್ ಗಾಡಿಗಳೂ ಇವೆ, ಅದಕ್ಕೂ ಹಿಂದಿನ ಎಪಿ ಗಾಡಿಗಳೂ ಇವೆ. ಪಾರ್ಕಿಂಗ್ ಆ್ಯಪ್ ಬರೆಯುವವರು ಮೂರನ್ನೂ ತುಂಬಬೇಕು.