ಓರಗೆಯವರ ಆಸರೆ

ರೋಗಕ್ಕೆ ವಯಸ್ಸಿನ ಹಂಗಿಲ್ಲ. ಆದರೆ ರೋಗಿಗೆ ವಯಸ್ಸುಂಟು. ಈ ಸರಳ ಸಂಗತಿಯನ್ನು ಆಸ್ಪತ್ರೆಗಳು ಬಹುಕಾಲ ಗಮನಿಸಿರಲಿಲ್ಲ. ಹದಿನೈದರ ಹುಡುಗನಿಗೆ ಕ್ಯಾನ್ಸರ್ ಬಂದರೆ ಅವನ ಹಾಸಿಗೆ ಎಳೆಯ ಮಕ್ಕಳ ನಡುವೆ ಇರುತ್ತಿತ್ತು, ಇಲ್ಲವೇ ಮುದುಕರ ನಡುವೆ. ಅವನ ಮನಸ್ಸನ್ನು ಅರಿಯಬಲ್ಲ ಓರಗೆಯವರು ಎರಡೆಡೆಯಲ್ಲಿಯೂ ಇರುತ್ತಿರಲಿಲ್ಲ.

ಈ ಕೊರತೆಯನ್ನು ಕಂಡು ಮರುಗಿದವರಲ್ಲಿ ಇಂಗ್ಲೆಂಡಿನ ವೈದ್ಯ ಏಡ್ರಿಯನ್ ವೈಟ್‌ಸನ್ ಮತ್ತು ಅವರ ಪತ್ನಿ ಮಿರ್ನಾ ಪ್ರಮುಖರು. ಇಂಥವರ ಪ್ರಯತ್ನದಿಂದ 1990ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಕ್ಯಾನ್ಸರ್ ವಾರ್ಡೊಂದು ತೆರೆಯಿತು. ಇದರ ಹಿಂದಿದ್ದ ‘ಟೀನೇಜ್ ಕ್ಯಾನ್ಸರ್ ಟ್ರಸ್ಟ್’ ಸಂಸ್ಥೆಯ ನೆರವಿನಿಂದ ಈಗ ಬ್ರಿಟನ್ನಿನಲ್ಲಿ 25ಕ್ಕೂ ಹೆಚ್ಚು ಇಂತಹ ವಾರ್ಡುಗಳಿವೆ. 13ರಿಂದ 24 ವರ್ಷದವರೆಗಿನವರು ಈ ಸಂಸ್ಥೆಯ ಆರೈಕೆಗೆ ಸೇರುತ್ತಾರೆ. ಅಲ್ಲಿ ಔಷಧದ ಕಹಿ ಕಡಿಮೆಯಾಗಿಲ್ಲ, ಸೂಜಿಯ ನೋವೂ ತಪ್ಪಿಲ್ಲ. ಆದರೆ ಒಟ್ಟಿಗೆ ಕುಳಿತು ಹರಟಲು, ಆಡಲು, ಸಂಗೀತ ಕೇಳಲು ಒಂದು ಕೋಣೆಯುಂಟು; ಪಕ್ಕದ ಹಾಸಿಗೆಯಲ್ಲಿ ಸಮವಯಸ್ಕನಾದ ಗೆಳೆಯನುಂಟು.

ನಮ್ಮ ದೇಶದಲ್ಲಿಯೂ ಇದೇ ಭಾವನೆಯ ಕಾರ್ಯ ನಡೆದಿದೆ. 1951ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಭಾರತೀಯ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ 2009ರಲ್ಲಿ ‘ಉಗಮ್’ ಎಂಬ ಬಳಗವು ಹುಟ್ಟಿತು. ಬಾಲ್ಯದಲ್ಲಿ ಕ್ಯಾನ್ಸರಿಗೆ ತುತ್ತಾಗಿ ಗುಣಹೊಂದಿದ ತರುಣ ತರುಣಿಯರೇ ಇದರ ಸದಸ್ಯರು. ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಅವರು ಧೈರ್ಯ ಹೇಳುತ್ತಾರೆ. ಹಾಸಿಗೆ ಹಿಡಿದ ಬಾಲಕಿಗೆ, ಅದೇ ಹಾದಿಯನ್ನು ದಾಟಿ ಬಂದು ಎದುರಿಗೆ ನಿಂತವರಿಗಿಂತ ದೊಡ್ಡ ಭರವಸೆ ಯಾವುದು?

ಇಂತಹ ಆಸರೆಯನ್ನು ನೀಡಲು ಸಂಸ್ಥೆಯೇ ಬೇಕೆಂದಿಲ್ಲ. ಒಂದು ತರಗತಿಯೂ ನೀಡಬಲ್ಲದು. ಕ್ಯಾನ್ಸರ್ ಅಂಟುರೋಗವಲ್ಲ. ಜೊತೆಯಲ್ಲಿ ಕುಳಿತರೆ, ಕೈ ಹಿಡಿದರೆ, ಬುತ್ತಿ ಹಂಚಿಕೊಂಡರೆ ಅದು ಹರಡುವುದಿಲ್ಲ. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಔಷಧವು ನಾಶಮಾಡುವುದರಿಂದ ಕೂದಲಿನ ಬುಡದ ಕೋಶಗಳಿಗೂ ಪೆಟ್ಟು ಬೀಳುತ್ತದೆ, ಕೂದಲು ಉದುರುತ್ತದೆ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಅದು ಮತ್ತೆ ಬೆಳೆಯುತ್ತದೆ. ಆದರೆ ಬೋಳುತಲೆಯನ್ನು ನೋಡಿ ನಕ್ಕ ಒಂದು ನಗೆಯ ಗಾಯ ಅಷ್ಟು ಬೇಗ ಮಾಯುವುದಿಲ್ಲ. ಚಿಕಿತ್ಸೆಯ ದಿನಗಳಲ್ಲಿ ರೋಗಿಯ ದೇಹಕ್ಕೆ ಸೋಂಕನ್ನು ತಡೆಯುವ ಶಕ್ತಿ ಕುಂದಿರುತ್ತದೆ. ಆದುದರಿಂದ ನೆಗಡಿ, ಜ್ವರವಿದ್ದವರು ಭೇಟಿಗೆ ಹೋಗದೆ ಒಂದು ಕಾಗದ ಬರೆಯುವುದೇ ಲೇಸು.

ತಿಂಗಳುಗಟ್ಟಲೆ ಶಾಲೆಗೆ ಬಾರದ ಸಹಪಾಠಿಯನ್ನು ಪಾಠಕ್ಕಿಂತ ಹೆಚ್ಚಾಗಿ ಕಾಡುವುದು, ಗೆಳೆಯರು ತನ್ನನ್ನು ಮರೆತರೇ ಎಂಬ ಅಳುಕು. ಅವನ ಪಾಠಗಳನ್ನು ಬರೆದಿಟ್ಟು ಕಳುಹಿಸಿರಿ, ತರಗತಿಯ ಸುದ್ದಿಯನ್ನು ತಿಳಿಸಿರಿ, ಅವನ ಸ್ಥಳವನ್ನು ಅವನಿಗಾಗಿಯೇ ಉಳಿಸಿರಿ. ರೋಗವನ್ನು ಗುಣಪಡಿಸುವುದು ವೈದ್ಯರ ಕೆಲಸ. ರೋಗಿಯನ್ನು ಒಂಟಿಯಾಗಲು ಬಿಡದಿರುವುದು ಓರಗೆಯವರ ಕೆಲಸ.